ಕಾಶಿಯ ದಾರಿಯಲ್ಲಿ ಒಂದು ತಪಾಸಣೆ

ಗಡಿನಾಡಿನವರಾದ ನಮಗೆ ತಪಾಸಣೆಯೆಂಬುದು ಹೊಸ ಮಾತಲ್ಲ. ಮಂಗಳೂರಿನಿಂದ ಕಾಸರಗೋಡಿಗೆ ಬರುವ ಬಸ್ಸು ತಲಪಾಡಿಯನ್ನು ದಾಟಿ ಮಂಜೇಶ್ವರದ ಬಳಿ ನಿಂತಿತೆಂದರೆ, ಅಬಕಾರಿ ಇಲಾಖೆಯವರು ಒಳಗೇರಿ ಬಂದು ಪ್ರಯಾಣಿಕರ ಚೀಲಗಳನ್ನು ತಡವಿ ನೋಡುವುದನ್ನು ನಾವು ಬಾಲ್ಯದಿಂದಲೇ ಕಂಡವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯುಂಟಷ್ಟೆ. ನಮ್ಮ ಚೀಲದಲ್ಲಿ ಶಾಲೆಯ ಪುಸ್ತಕಗಳಲ್ಲದೆ ಮತ್ತೇನೂ ಇಲ್ಲದಿದ್ದಾಗಲೂ ಆ ಗಳಿಗೆಯಲ್ಲಿ ನಮ್ಮ ಕೈ ತಾನಾಗಿ ಚೀಲದ ಮೇಲೆ ಹೋಗುತ್ತಿತ್ತು. 2020 ರ ಮಾರ್ಚಿನಲ್ಲಿ ಕೊರೋನಾ ಕಾಲದಲ್ಲಿ ರಸ್ತೆಗಳ ಮೇಲೆ ಮಣ್ಣು ಸುರಿದು ಗಡಿಯನ್ನೇ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೂ ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಕೈಗೊಂಡ ಕಾಶಿಯಾತ್ರೆಯ ವೇಳೆ ನಾವು ಕಂಡ ಒಂದು ತಪಾಸಣೆ ಇವೆಲ್ಲಕ್ಕಿಂತ ಬೇರೆ ಬಗೆಯದು. ಅದನ್ನು ಬರೆಯಬೇಕೋ ಬೇಡವೋ ಎಂದು ಬಹುದಿನ ಯೋಚಿಸಿದೆವು. ಕೊನೆಗೆ ಬರೆಯಲು ಹೇಳಿದವಳು ಅಕ್ಕನೇ.

ಯಾತ್ರೆಯ ಹಂಬಲವೂ ಅವಳದೇ. ನಮಗಿಂತ ಹನ್ನೆರಡು ವರ್ಷ ಹಿರಿಯಳು; ತಾಯಿ ತೀರಿಕೊಂಡ ಬಳಿಕ ನಮ್ಮನ್ನು ಬೆಳೆಸಿದವಳು. 1994 ರ ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಿದ್ದಾಗ ಕೊಳಕುಮಂಡಲದ ಹಾವು ಕಚ್ಚಿತು. ಜೀವ ಉಳಿಯಿತು; ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಮರುವರ್ಷ ಅವಳಿಗೆ 'ಜೈಪುರ ಕಾಲು' ದೊರೆಯಿತು. 1968 ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಮೂಳೆತಜ್ಞ ಡಾ. ಪಿ. ಕೆ. ಸೇಠಿಯವರೂ ಸೇರಿ ರೂಪಿಸಿದ ಕೃತಕ ಕಾಲು ಇದು. ಪರದೇಶದ ಕೃತಕ ಕಾಲುಗಳು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗಾಗಿ ಆಗಿದ್ದರೆ, ಇದು ಬರಿಗಾಲಲ್ಲಿ ನಡೆಯುವ, ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂರುವ, ಕೆಸರಿಗೂ ಇಳಿಯುವ ನಮ್ಮಂಥವರಿಗಾಗಿ ಆದದ್ದು. ಸವೆದಾಗಲೆಲ್ಲ ಬದಲಾಯಿಸಿಕೊಳ್ಳುತ್ತ, ಈ ಕಾಲಿನಲ್ಲೇ ಅಕ್ಕ ಹಟ್ಟಿಯ ಕೆಲಸ ಮಾಡಿದಳು, ಮಗಳ ಮದುವೆ ಮಾಡಿದಳು.

ಆದರೆ ಆ ಕಾಲನ್ನು ಅವಳು ಯಾರಿಗೂ ತೋರಿದವಳಲ್ಲ. ಸೀರೆಯ ನೆರಿಗೆ ನೆಲ ಮುಟ್ಟುವಂತೆ ಉಡುತ್ತಾಳೆ. ಕಾಲು ಕಟ್ಟುವುದೂ ಬಿಚ್ಚುವುದೂ ಬಾಗಿಲು ಹಾಕಿದ ಕೋಣೆಯೊಳಗೆ. ಅಕ್ಕ ಸ್ವಲ್ಪ ಕುಂಟುತ್ತಾಳೆಂಬುದಷ್ಟೇ ಊರಿನ ಹೊಸ ತಲೆಮಾರಿನವರಿಗೆ ಗೊತ್ತು. ಅಜ್ಜಿಗೆ ಒಂದು ಕಾಲಿಲ್ಲವೆಂಬುದು ಮೊಮ್ಮಕ್ಕಳಿಗೂ ತಿಳಿದಿರಲಿಲ್ಲ. ತಮ್ಮನಾದ ನಾವೇ ಆ ಮೂವತ್ತು ವರ್ಷಗಳಲ್ಲಿ ಅದನ್ನು ಕಣ್ಣಾರೆ ಕಂಡಿರಲಿಲ್ಲ.

ರೈಲಿನಲ್ಲಿ ಎರಡು ದಿನ ಕೂರುವುದು ಅವಳಿಗೆ ಕಷ್ಟವೆಂದು ವಿಮಾನದ ಟಿಕೆಟು ಮಾಡಿಸಿದೆವು. ನಾವು, ನಮ್ಮ ಮನೆಯಾಕೆ, ಅಕ್ಕ, ಹೀಗೆ ಮೂವರು ಮುಂಜಾನೆ ಹೊರಟು ಬಜ್ಪೆ ಸೇರಿದೆವು. 1951 ರ ಡಿಸೆಂಬರಿನಲ್ಲಿ ಪ್ರಧಾನಿ ನೆಹರೂ ಅವರು ಬಂದಿಳಿದು ಉದ್ಘಾಟಿಸಿದ ನಿಲ್ದಾಣವದು. ಗುಡ್ಡದ ತಲೆಯನ್ನು ಮಟ್ಟಮಾಡಿ ಕಟ್ಟಿದ ಓಟದ ಹಾದಿ. ಎರಡೂ ತುದಿಗಳಲ್ಲಿ ಕಣಿವೆ. 2010 ರ ಮೇ 22 ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನ ಆ ಹಾದಿಯನ್ನು ದಾಟಿ ಕಣಿವೆಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಆ ದಿನ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಮನೆಗಳ ದೀಪ ನಂದಿತು. ಆದುದರಿಂದ ವಿಮಾನದ ವಿಷಯದಲ್ಲಿ ಎಚ್ಚರಿಕೆ ಅತಿಯಾಯಿತೆಂದು ಹಗುರಾಗಿ ಆಡುವ ಜನ ನಾವಲ್ಲ. ಮುಂದೆ ಹೇಳುವುದನ್ನು ವಾಚಕರು ಈ ಮಾತಿನೊಂದಿಗೆ ಓದಬೇಕು.

ಮಂಗಳೂರಿನಲ್ಲಿ ಲೋಹಶೋಧಕದ ಚೌಕಟ್ಟನ್ನು ಅಕ್ಕ ದಾಟಿದೊಡನೆ ಅದು ಕೂಗಿತು. ಕಾಲಿನ ಕೀಲು, ತಿರುಪುಗಳಲ್ಲಿ ಲೋಹವಿದೆಯಷ್ಟೆ. ಸಿಬ್ಬಂದಿಯ ಹೆಣ್ಣುಮಗಳೊಬ್ಬಳು ಅವಳನ್ನು ಪರದೆಯ ಒಳಗೆ ಕರೆದೊಯ್ದು, ಸೀರೆಯ ಮೇಲಿನಿಂದಲೇ ಮುಟ್ಟಿ ನೋಡಿ, ಒಂದು ತುಂಡು ಪಟ್ಟಿಯಿಂದ ಕಾಲನ್ನು ಒರಸಿ ಯಂತ್ರಕ್ಕೆ ಕೊಟ್ಟಳಂತೆ. ಸ್ಫೋಟಕದ ಕಣಗಳಿದ್ದರೆ ಆ ಯಂತ್ರ ತಿಳಿಸುತ್ತದೆ. ಎರಡೇ ನಿಮಿಷ. ಅಕ್ಕ ನಗುತ್ತಲೇ ಹೊರಬಂದಳು.

ಬೆಂಗಳೂರಿನಲ್ಲಿ ಸೋದರಳಿಯನ ಮನೆಯಲ್ಲಿ ಒಂದು ರಾತ್ರಿ ಉಳಿದು ಮರುದಿನ ಮುಂದುವರಿದೆವು. ಅಲ್ಲಿನ ನಿಲ್ದಾಣದ ಬಾಗಿಲಲ್ಲಿ 'ಡಿಜಿ ಯಾತ್ರಾ' ಎಂಬ ಏರ್ಪಾಡು ಕಂಡಿತು. ಮೊದಲೇ ಮೊಬೈಲಿನಲ್ಲಿ ಆಧಾರ್ ಮತ್ತು ಮುಖಚಿತ್ರವನ್ನು ಸೇರಿಸಿಟ್ಟವರಿಗೆ ಕ್ಯಾಮರಾ ಮುಖ ನೋಡಿಯೇ ಬಾಗಿಲು ತೆರೆಯುತ್ತದೆ. 2022 ರ ಡಿಸೆಂಬರ್ 1 ರಂದು ದಿಲ್ಲಿ, ಬೆಂಗಳೂರು, ವಾರಾಣಸಿ ಈ ಮೂರು ಕಡೆ ಇದು ಮೊದಲಾಯಿತು. ಇದು ಕಡ್ಡಾಯವಲ್ಲ, ವಿವರಗಳು ಪ್ರಯಾಣಿಕನ ಮೊಬೈಲಿನಲ್ಲೇ ಇರುತ್ತವೆ, ನಿಲ್ದಾಣಕ್ಕೆ ಕೊಟ್ಟದ್ದನ್ನು ವಿಮಾನ ಹೊರಟ ಇಪ್ಪತ್ತನಾಲ್ಕು ಗಂಟೆಯೊಳಗೆ ಅಳಿಸಲಾಗುತ್ತದೆ ಎಂದು ಸರಕಾರ ಹೇಳಿದೆ. ಸೋದರಳಿಯ ಒತ್ತಾಯಿಸಿದ. ನಾವು ಮಾತ್ರ ಕಾಗದದ ಗುರುತುಚೀಟಿ ಹಿಡಿದು ಉದ್ದ ಸಾಲಿನಲ್ಲಿ ನಿಂತೆವು. ಅಳಿಸಿದ್ದೇವೆ ಎಂಬ ಮಾತನ್ನು ನಾವು ಪರೀಕ್ಷಿಸಿ ನೋಡುವ ಬಗೆ ಹೇಗೆ? ಉತ್ತರಪತ್ರಿಕೆಯನ್ನು ನೋಡದೆ ಅಂಕ ಹಾಕಿದ ಅಭ್ಯಾಸ ನಮಗಿಲ್ಲ.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ಸ್ಮರಿಸಬೇಕು. ಆಧಾರ್ ಯೋಜನೆಯ ವಿರುದ್ಧ 2012 ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಲೇರಿದ ವೃದ್ಧರು ನಮ್ಮ ಕನ್ನಡನಾಡಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಲ್ಲಿಯೇ 2017 ರ ಆಗಸ್ಟ್ 24 ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಬಾಗಿಲು ಹಾಕಿಕೊಂಡು ಕಾಲು ಕಟ್ಟುವ ಅಕ್ಕನಿಗೆ ಆ ತೀರ್ಪಿನ ಸುದ್ದಿ ತಿಳಿಯದು. ಅದರ ತಿರುಳು ಅವಳಿಗೆ ಮೊದಲೇ ಗೊತ್ತಿತ್ತು.

ಕಾಶಿಯಲ್ಲಿ ಮಂಜು. ವಿಮಾನ ಮೂರು ಗಂಟೆ ತಡವಾಗಿ ಇಳಿಯಿತು. ಮರುದಿನ ಬೆಳಗ್ಗೆ ಗಂಗೆಯ ದಂಡೆಗೆ ಹೋದಾಗ ಆಚೆಯ ದಡವೇ ಕಾಣದು. ದೋಣಿಗಳು ಬಿಳಿಯ ಬಟ್ಟೆಯೊಳಗಿನಿಂದ ಬಂದಂತೆ ಬಂದು ಮತ್ತೆ ಅದರೊಳಗೇ ಮರೆಯಾಗುತ್ತಿದ್ದವು. ದಶಾಶ್ವಮೇಧ ಘಾಟಿನ ಮೆಟ್ಟಲುಗಳು ಅಕ್ಕನಿಗೆ ಕಡಿದಾದವು. ದೋಣಿ ಹಿಡಿದು ದಕ್ಷಿಣಕ್ಕೆ ಸಾಗಿ, ಹರಿಶ್ಚಂದ್ರ ಘಾಟಿನ ಸಮೀಪದ ಕರ್ನಾಟಕ ಘಾಟನ್ನು ಕಂಡೆವು. ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ಸಾವಿರಾರು ಕಿಲೋಮೀಟರು ದೂರದಲ್ಲಿ ನಮ್ಮ ಭಾಷೆಯ ಹೆಸರನ್ನು ಹೊತ್ತ ಕಲ್ಲುಮೆಟ್ಟಲುಗಳನ್ನು ಕಂಡಾಗ, ಗಡಿಯಾಚೆ ಬಾಳುವ ನಮಗಾದ ಸಂತೋಷವನ್ನು ಗಡಿಯೊಳಗಿನವರು ಊಹಿಸಲಾರರು.

ಅಲ್ಲಿ ಅಕ್ಕ ಕೊನೆಯ ಮೆಟ್ಟಲಿನಲ್ಲಿ ಕುಳಿತು, ಸೀರೆಯನ್ನು ಎತ್ತದೆಯೇ, ಎರಡೂ ಕಾಲುಗಳನ್ನು ನೀರಿಗೆ ಇಳಿಸಿದಳು. ನಮ್ಮತ್ತ ತಿರುಗಿ ಮೆಲ್ಲಗೆ ಅಂದಳು: "ಇದಕ್ಕೂ ಸ್ವಲ್ಪ ಪುಣ್ಯ ಸಿಕ್ಕಲಿ ತಮ್ಮಾ. ಇಷ್ಟು ವರ್ಷ ನನ್ನನ್ನು ಹೊತ್ತದ್ದು ಇದುವೇ ಅಲ್ಲವಾ?"

ಮೂವತ್ತು ವರ್ಷಗಳಲ್ಲಿ ಅವಳು ಆ ಕಾಲಿನ ಮಾತನ್ನು ನಮ್ಮೊಡನೆ ಆಡಿದ್ದು ಅದೇ ಮೊದಲು. ನಾವು ಗಂಗೆಯನ್ನೇ ನೋಡುತ್ತ ಹೂಂಗುಟ್ಟಿದೆವು.

ವಿಶ್ವನಾಥನ ದರ್ಶನಕ್ಕೆ ಹೋಗುವಲ್ಲಿಯೂ ತಪಾಸಣೆಯುಂಟು. ಮೊಬೈಲನ್ನು ಹೊರಗೇ ಇಟ್ಟು, ಮೈ ತಡವಿಸಿಕೊಂಡೇ ಒಳಗೆ ಹೋಗಬೇಕು. 2021 ರ ಡಿಸೆಂಬರಿನಲ್ಲಿ ತೆರೆದ ಹೊಸ ಪ್ರಾಕಾರದಿಂದಾಗಿ ನಡೆಯಲು ಜಾಗ ವಿಶಾಲವಾಗಿದೆ. ಅಲ್ಲಿಯೂ ಯಾರೂ ಅವಳನ್ನು ನೋಯಿಸಲಿಲ್ಲ. ದರ್ಶನ ಸಾಂಗವಾಗಿ ಆಯಿತು.

ಹಿಂದಿರುಗುವ ಟಿಕೆಟು ಇನ್ನೊಂದು ಮಹಾನಗರದ ಮೂಲಕ. ಆ ನಗರದ ಹೆಸರನ್ನು ನಾವು ಬರೆಯುವುದಿಲ್ಲ. ರಾತ್ರಿ ಅಲ್ಲಿಯೇ ತಂಗಿ ಬೆಳಗ್ಗೆ ನಿಲ್ದಾಣಕ್ಕೆ ಹೋದಾಗ ಜನಸಂದಣಿ ವಿಪರೀತವಾಗಿತ್ತು. ಗಂಡಸರ ಸಾಲಿನಲ್ಲಿ ನಮ್ಮ ತಪಾಸಣೆ ಮುಗಿದು, ಪೆಟ್ಟಿಗೆಗಳು ಬಂದು ಬೀಳುವಲ್ಲಿ ನಿಂತು ಕಾದೆವು. ಅಕ್ಕ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಮನೆಯಾಕೆ ಓಡಿಬಂದು, "ಕಾಲು ಕಳಚಿ ಕೊಡಬೇಕಂತೆ, ಯಂತ್ರದಲ್ಲಿ ಹಾಕಿ ನೋಡಬೇಕಂತೆ" ಎಂದಳು.

ವೈದ್ಯರ ಪತ್ರವಿತ್ತು, ಅದನ್ನು ಬಿಡಿಸಿ ಓದಿದವರಿಲ್ಲ. ಪಟ್ಟಿಯಿಂದ ಒರಸಿ ನೋಡಿ ಎಂದು ಕೇಳಿಕೊಂಡೆವು. ಇಲ್ಲಿಯ ಕ್ರಮ ಹೀಗೆಯೇ ಎಂದು ಉತ್ತರ ಬಂತು. ನಮ್ಮ ಅಕ್ಕ ಕನ್ನಡ, ತುಳು, ಮಲೆಯಾಳಗಳಲ್ಲಿ ಸಂತೆಯನ್ನೇ ಗೆದ್ದು ಬರುವವಳು. ಹಿಂದಿ ಬಾರದ್ದರಿಂದ ಅಲ್ಲಿ ಮೂಕಿಯಾದಳು. ಪರದೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು.

ಆಮೇಲೆ ಆ ಕಾಲು ಬಂತು. ಚರ್ಮದ ಬೆಲ್ಟು, ಕಂಪ್ಯೂಟರು, ಮಗುವಿನ ಹಾಲಿನ ಬಾಟಲಿ ಇಟ್ಟ ತಟ್ಟೆಗಳ ನಡುವೆ, ಒಂದು ಬೂದುಬಣ್ಣದ ತಟ್ಟೆಯಲ್ಲಿ, ಪಾದ ಮೇಲಾಗಿ ಮಲಗಿಕೊಂಡು ಬಂತು. ಹಿಮ್ಮಡಿಯಲ್ಲಿ ಗಂಗೆಯ ಮಣ್ಣು ಇನ್ನೂ ಸ್ವಲ್ಪ ಉಳಿದಿತ್ತು. ಪಕ್ಕದಲ್ಲಿದ್ದ ಬಾಲಕನೊಬ್ಬ ತಾಯಿಯ ಸೆರಗು ಜಗ್ಗಿ ಅದನ್ನು ತೋರಿಸಿದ. ಸುತ್ತಲಿನವರು ಒಮ್ಮೆ ನೋಡಿ ಮುಖ ತಿರುಗಿಸಿದರು. ನಮಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೆಗಲ ಮೇಲಿದ್ದ ಶಾಲನ್ನು ತೆಗೆದು ಆ ತಟ್ಟೆಯ ಮೇಲೆ ಹೊದೆಸಿದೆವು. ಮುಟ್ಟಬಾರದೆಂದು ಯಾರೋ ಗದರಿದರು. ಶಾಲನ್ನು ಮಾತ್ರ ನಾವು ತೆಗೆಯಲಿಲ್ಲ.

ಹದಿನೈದು ನಿಮಿಷಗಳ ಬಳಿಕ ಅಕ್ಕ ನಡೆದು ಬಂದಳು. ಮಂಗಳೂರು ತಲುಪುವವರೆಗೂ ಒಂದು ಮಾತಾಡಲಿಲ್ಲ; ಕೊಟ್ಟ ನೀರನ್ನೂ ಕುಡಿಯಲಿಲ್ಲ.

ವಿಮಾನದಲ್ಲಿ ಕುಳಿತು ನಾವು ಕೋಪದಿಂದ ಕುದಿಯುತ್ತಿದ್ದೆವಾದರೂ, ಉಪಾಧ್ಯಾಯ ವೃತ್ತಿಯ ಅಭ್ಯಾಸದಂತೆ ಆಚೆ ಪಕ್ಷದ ಮಾತನ್ನೂ ನೆನೆಯತೊಡಗಿದೆವು. ಈ ಕಟ್ಟಳೆಗಳು ಸುಮ್ಮನೆ ಹುಟ್ಟಿದವಲ್ಲ. 1971 ರ ಜನವರಿ 30 ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ವಿಮಾನವನ್ನು ಲಾಹೋರಿಗೆ ಅಪಹರಿಸಿದರು. ಆ ವಿಮಾನದ ಹೆಸರೂ 'ಗಂಗಾ'. 1976 ರ ಇನ್ನೊಂದು ಅಪಹರಣದ ಬಳಿಕ ನೇಮಿಸಿದ ಪಾಂಡೆ ಸಮಿತಿಯ ಸಲಹೆಯಂತೆ 1978 ರಲ್ಲಿ ವಿಮಾನಯಾನದ ಭದ್ರತೆಗೆ ಪ್ರತ್ಯೇಕ ವಿಭಾಗವಾಯಿತು. 1985 ರ ಜೂನ್ 23 ರಂದು 'ಕನಿಷ್ಕ' ವಿಮಾನ ಬಾಂಬಿನಿಂದ ಸಿಡಿದು 329 ಮಂದಿ ಸತ್ತರು. 1987 ರಲ್ಲಿ ಆ ವಿಭಾಗ ಸ್ವತಂತ್ರ ಇಲಾಖೆಯಾಯಿತು. 1999 ರ ಡಿಸೆಂಬರಿನಲ್ಲಿ ಕಂದಹಾರ್, 2001 ರ ಸೆಪ್ಟೆಂಬರಿನಲ್ಲಿ ಅಮೆರಿಕ. ಒಂದೊಂದು ದುರಂತವೂ ಒಂದೊಂದು ಕಟ್ಟಳೆಯನ್ನು ಬಿಟ್ಟುಹೋಗಿದೆ. 2001 ರ ಕೊನೆಯಲ್ಲಿ ಒಬ್ಬ ಬೂಟಿನಲ್ಲಿ ಸ್ಫೋಟಕವಿಟ್ಟುಕೊಂಡು ವಿಮಾನ ಹತ್ತಿದ. ಮುಂದೆ ಅಮೆರಿಕದಲ್ಲಿ ಎಲ್ಲರೂ ಬೂಟು ಕಳಚಬೇಕಾಯಿತು, ಆ ನಿಯಮ ಸಡಿಲಿದ್ದು 2025 ರ ಜುಲೈಯಲ್ಲಿ. 2009 ರ ಕ್ರಿಸ್‌ಮಸ್ ದಿನ ಇನ್ನೊಬ್ಬ ಒಳಉಡುಪಿನಲ್ಲಿ ಅಡಗಿಸಿ ತಂದ. ಮರುವರ್ಷ ಬಟ್ಟೆಯೊಳಗಿನ ಮೈಯನ್ನೇ ಚಿತ್ರಿಸುವ ಯಂತ್ರಗಳು ನಿಲ್ದಾಣ ನಿಲ್ದಾಣಗಳಿಗೆ ಬಂದವು. ಅಮೆರಿಕದ ಪ್ರಜೆಗಳು ಸುಮ್ಮನಿರಲಿಲ್ಲ. ಇದು ಮರ್ಯಾದೆಗೇಡು ಎಂದು ಕೂಗೆಬ್ಬಿಸಿದರು, ನ್ಯಾಯಾಲಯಕ್ಕೂ ಹೋದರು. ಕೊನೆಗೆ 2013 ರ ಹೊತ್ತಿಗೆ ಮೈಯ ಚಿತ್ರ ತೋರುವ ಯಂತ್ರಗಳನ್ನು ತೆಗೆದರು. ಉಳಿದ ಯಂತ್ರಗಳು ಎಲ್ಲರಿಗೂ ಒಂದೇ ಆದ ಗೊಂಬೆಯಂಥ ಆಕೃತಿಯನ್ನು ಮಾತ್ರ ತೋರಿಸುತ್ತವೆ. ಕೂಗಿದರೆ ಯಂತ್ರವೂ ಸಭ್ಯತೆ ಕಲಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸರು ದೇಶದ ರಕ್ಷಣಾ ಸಚಿವರಾಗಿದ್ದಾಗ ವಾಷಿಂಗ್ಟನ್ನಿನ ನಿಲ್ದಾಣದಲ್ಲಿ ಎರಡು ಬಾರಿ ಬಟ್ಟೆ ಕಳಚಿಸಿ ತಪಾಸಣೆಗೊಳಗಾದರೆಂದು 2004 ರಲ್ಲಿ ಅಮೆರಿಕದ ಹಿರಿಯ ಅಧಿಕಾರಿಯಾಗಿದ್ದ ಸ್ಟ್ರೋಬ್ ಟಾಲ್ಬಟ್ ತಮ್ಮ ಪುಸ್ತಕದಲ್ಲಿ ಬರೆದರು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಕೋಟು ಬೂಟುಗಳನ್ನು 2011 ರಲ್ಲಿ ನ್ಯೂಯಾರ್ಕಿನಲ್ಲಿ, ವಿಮಾನದಲ್ಲಿ ಕುಳಿತ ಮೇಲೂ ಕೇಳಿ ಕೊಂಡೊಯ್ದರು. ಅಮೆರಿಕ ಬಳಿಕ ಕ್ಷಮೆ ಕೇಳಿತು. ನರ್ತಕಿ ಸುಧಾ ಚಂದ್ರನ್ ಅವರು ಪ್ರತಿ ಸಲವೂ ತಮ್ಮ ಕೃತಕ ಕಾಲನ್ನು ಕಳಚಬೇಕಾಗುವ ನೋವನ್ನು 2021 ರ ಅಕ್ಟೋಬರಿನಲ್ಲಿ ಪ್ರಧಾನಿಯವರಿಗೆ ತೋಡಿಕೊಂಡಾಗ ಸಂಬಂಧಪಟ್ಟವರು ವಿಷಾದಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಜೀಜಾ ಘೋಷ್ ಎಂಬ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿಯ ಮೊಕದ್ದಮೆಯಲ್ಲಿ, ಕೃತಕ ಅಂಗವನ್ನು ಕಳಚಲು ಹೇಳಬಾರದು, ಮನುಷ್ಯನ ಘನತೆ ಉಳಿಯಬೇಕು ಎಂದು ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟಿತು. ಮಾತು ದಿಲ್ಲಿಯಲ್ಲಿ ಆಗಿದೆ. ಪರದೆಯ ಹಿಂದಿನ ಪ್ಲಾಸ್ಟಿಕ್ ಕುರ್ಚಿಯವರೆಗೆ ಅದು ಇನ್ನೂ ತಲುಪಬೇಕಾಗಿದೆ.

ಹೀಗೆಲ್ಲ ಯೋಚಿಸುತ್ತಿದ್ದಾಗ ನಮ್ಮ ಮನಸ್ಸಿಗೆ ಬಂದದ್ದು ಬೇರೆಯೇ ಒಂದು ನೆನಪು. ಇಪ್ಪತ್ತು ವರ್ಷಗಳ ಹಿಂದೆ ನಾವು ಆರನೆಯ ತರಗತಿಯ ಅಧ್ಯಾಪಕರಾಗಿದ್ದೆವು. ಪ್ರವಾಸಕ್ಕೆಂದು ಮಕ್ಕಳು ಕೊಟ್ಟ ಹಣದಲ್ಲಿ ನೂರಿಪ್ಪತ್ತು ರೂಪಾಯಿ ಕಾಣದಾಯಿತು. ಮಾಯಿಪ್ಪಾಡಿಯ ತರಬೇತಿಯಲ್ಲಿ ಮಕ್ಕಳ ಮನಃಶಾಸ್ತ್ರವನ್ನು ಓದಿ ಅಂಕ ಪಡೆದಿದ್ದ ನಾವು, ಬಾಗಿಲು ಮುಚ್ಚಿಸಿ, ಎಲ್ಲರ ಚೀಲವನ್ನೂ ಕಿಸೆಯನ್ನೂ ಎಲ್ಲರೆದುರು ಬರಿದು ಮಾಡಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬನ ಚೀಲದಿಂದ ತೇಗದ ಎಲೆಯ ಪೊಟ್ಟಣ ಬಿತ್ತು. ಮಧ್ಯಾಹ್ನದ ಗಂಜಿಯೊಂದಿಗೆ ಕೊಟ್ಟ ಹೆಸರುಕಾಳು. ಮನೆಯಲ್ಲಿದ್ದ ಸಣ್ಣ ತಂಗಿಗೆಂದು ಕಟ್ಟಿಕೊಂಡಿದ್ದ. ತರಗತಿಯೇ ನಕ್ಕಿತು. ಹಣ ಸಂಜೆ ನಮ್ಮದೇ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಆ ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೂ ಪೊಟ್ಟಣ ಕಟ್ಟಲಿಲ್ಲ. ಅವನಲ್ಲಿ ನಾವು ಕ್ಷಮೆ ಕೇಳಲಿಲ್ಲ. ಇಲ್ಲಿಯ ಕ್ರಮ ಹೀಗೆಯೇ ಎಂದು ನಾವೂ ಅಂದುಕೊಂಡಿದ್ದೆವು.

ಮಂಗಳೂರಿನಿಂದ ಮನೆಗೆ ಬರುವ ಕಾರಿನಲ್ಲಿ ಉಪ್ಪಳ ದಾಟಿದ ಮೇಲೆ ಅಕ್ಕ ಮೊದಲ ಮಾತಾಡಿದಳು. "ಅದು ಸಣ್ಣ ಹುಡುಗಿ ತಮ್ಮಾ. ನಮ್ಮ ಮಗಳ ಪ್ರಾಯವೂ ಇಲ್ಲ. ಕಾಲು ತೆಗೆಯುವಾಗ ಅವಳ ಕೈ ನಡುಗುತ್ತಿತ್ತು. ಮತ್ತೆ ಕಟ್ಟಲಿಕ್ಕೆ ಬರಲಿಲ್ಲ ಅವಳಿಗೆ. ನಾನೇ ಹೇಗೆ ಅಂತ ತೋರಿಸಿಕೊಟ್ಟೆ. ಅವಳದ್ದು ಎಂತ ತಪ್ಪು? ಮೇಲಿನವರು ಹೇಳಿದ್ದನ್ನು ಮಾಡಿದ್ದು."

ಊರಿಗೆ ಬಂದ ಮೇಲೆ ಮೂರು ಕೆಲಸ ಮಾಡಿದೆವು. ನಡೆದದ್ದನ್ನು ವಿವರವಾಗಿ ಬರೆದು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿದೆವು. ಈ ಲೇಖನ ಬರೆಯುವವರೆಗೆ ಉತ್ತರ ಬಂದಿಲ್ಲ. ಎರಡನೆಯದಾಗಿ, ಆ ಹಳೆಯ ವಿದ್ಯಾರ್ಥಿ ಈಗ ಕುಂಬಳೆಯ ಕಡೆ ಅಂಗಡಿಯಿಟ್ಟಿರುವುದನ್ನು ವಿಚಾರಿಸಿಕೊಂಡು ಹೋಗಿ ಕಂಡೆವು. ಅವನು ಚಹಾ ತರಿಸಿದ, "ಅದೆಲ್ಲ ಯಾವ ಕಾಲದ್ದು ಮಾಷ್ಟ್ರೇ" ಎಂದ. ಮರೆತಿದ್ದೇನೆ ಎಂದು ಮಾತ್ರ ಅನ್ನಲಿಲ್ಲ. ಮೂರನೆಯದು ಈ ಬರಹ. ಮನೆಯಲ್ಲಿ ಕೃತಕ ಅಂಗವಿರುವವರು, ಮೈಯೊಳಗೆ ಲೋಹದ ಕೀಲಿರುವ ಹಿರಿಯರು ಇದ್ದರೆ, ನಲವತ್ತೆಂಟು ಗಂಟೆ ಮೊದಲೇ ವಿಮಾನ ಕಂಪೆನಿಗೆ ತಿಳಿಸಿರಿ. ವೈದ್ಯರ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿರಿ. ತಪಾಸಣೆ ಮುಚ್ಚಿದ ಕೋಣೆಯಲ್ಲೇ ಆಗಲಿ, ಮನೆಯವರೊಬ್ಬರು ಜೊತೆಗಿರಲಿ ಎಂದು ಕೇಳಿರಿ. ಪಟ್ಟಿಯಿಂದ ಒರಸುವ ಪರೀಕ್ಷೆಯನ್ನು ಕೇಳಿರಿ. ಒಪ್ಪದಿದ್ದರೆ ಮೇಲಧಿಕಾರಿಯನ್ನು ಕರೆಸಿರಿ. ನಾವು ಆ ದಿನ ಕರೆಸಲಿಲ್ಲ. ವಿಮಾನ ತಪ್ಪೀತೆಂದು ಹೆದರಿದೆವು.

ಗಂಗಾ ಸಮಾರಾಧನೆಯ ದಿನ ಮನೆ ತುಂಬ ನೆಂಟರು. ಊಟವಾದ ಮೇಲೆ ಚಾವಡಿಯಲ್ಲಿ ಮಕ್ಕಳು ಕಾಶಿಯ ಕಥೆ ಹೇಳೆಂದು ಅಕ್ಕನನ್ನು ಸುತ್ತುವರಿದವು. ಅವಳು ಮಂಜಿನ ಕಥೆ ಹೇಳಿದಳು, ದೋಣಿಯ ಕಥೆ ಹೇಳಿದಳು. ಆಮೇಲೆ ತಾನಾಗಿ ಸೀರೆಯ ನೆರಿಗೆಯನ್ನು ಗೇಣುದ್ದ ಎತ್ತಿ, "ಇದು ಗಂಗೆಯಲ್ಲಿ ಮಿಂದ ಕಾಲು" ಎಂದಳು. ಕಿರಿಯ ಮೊಮ್ಮಗಳು ಬೆರಳಿನಿಂದ ತಟ್ಟಿ ನೋಡಿದಳು. ಒಳಗೆ ಬಂದ ಮೇಲೆ ನಾವು ಕೇಳಿದ್ದಕ್ಕೆ ಅಕ್ಕ, "ಗುರುತು ಪರಿಚಯ ಇಲ್ಲದವರೆಲ್ಲ ನೋಡಿ ಆಯಿತು. ನಮ್ಮ ಮಕ್ಕಳಿಗೆ ಯಾಕೆ ಅಡಗಿಸುವುದು?" ಎಂದಳು. ಅದನ್ನು ಕೇಳಿ ಸಂತೋಷಪಡಬೇಕೋ ದುಃಖಪಡಬೇಕೋ ನಮಗೆ ಇಂದಿಗೂ ತಿಳಿಯದು. ತೋರಿಸುವುದೂ ಅಡಗಿಸುವುದೂ ಅವಳ ಇಚ್ಛೆಗೆ ಸೇರಿದ್ದಾಗಿತ್ತು. ಅದನ್ನು ಒಂದು ಬೆಳಗ್ಗೆ ಅವಳಿಂದ ತೆಗೆದುಕೊಂಡರು, ಉಳಿದದ್ದನ್ನು ಅವಳೇ ಕೊಟ್ಟುಬಿಟ್ಟಳು.

ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಬೇಕೆಂಬುದು ಹಿರಿಯರ ಕಟ್ಟಳೆ. ಪಾಂಬನ್ ಸೇತುವೆ 2025 ರ ಏಪ್ರಿಲಿನಲ್ಲಿ ಹೊಸದಾಗಿ ತೆರೆದು, ಕಡಲ ಮೇಲಿನ ರೈಲು ಮತ್ತೆ ಓಡುತ್ತಿದೆ. ಬರುವ ವರ್ಷ ನಮಗೆ ನಿವೃತ್ತಿ. "ಆಗ ಹೋಗುವ ತಮ್ಮಾ" ಎಂದು ಅಕ್ಕ ಈಗಲೇ ಹೇಳಿಟ್ಟಿದ್ದಾಳೆ. "ರೈಲಿನಲ್ಲಿ. ಎಷ್ಟು ದಿನವಾದರೂ ಅಡ್ಡಿಯಿಲ್ಲ."